ನಕಾಶೆಯೊಳಗಿನ ಹಸಿರು

ವಿಜಾಪುರ ರಸ್ತೆ, ಸೋಲಾಪುರ
ತಾ. ೧೪-೧೦-೧೯೫೪, ಗುರುವಾರ

ಪ್ರೀತಿಯ ಅಣ್ಣಾ,

ನಿನ್ನ ತಂಗಿ ಸಕ್ಕುಬಾಯಿಯ ನಮಸ್ಕಾರ. ನಿನ್ನ ಕೆಮ್ಮು ಹೇಗಿದೆ? ಗಿರಣಿಯ ಹತ್ತಿಧೂಳಿಗೆ ದಿನಾ ಒಂದು ಚೂರು ಬೆಲ್ಲ ತಿನ್ನು ಎಂದು ಹೋದ ಪತ್ರದಲ್ಲೇ ಬರೆದಿದ್ದೆ. ನೀನು ತಿಂದಿರಲಿಕ್ಕಿಲ್ಲ, ನನಗೆ ಗೊತ್ತು. ವೈನಿ ಹೇಗಿದ್ದಾರೆ? ಕೂಸಿಗೆ ಹಲ್ಲು ಬಂದವೇ? ಬಂದಿದ್ದರೆ ಮೇಲಿನವು ಮೊದಲೋ ಕೆಳಗಿನವು ಮೊದಲೋ ತಪ್ಪದೆ ಬರೆ, ಅಕ್ಕಲಕೋಟೆಯ ಗುರುಬಾಯಿ ಅತ್ತೆ ಎರಡು ಸಲ ಕೇಳಿ ಕಳಿಸಿದ್ದಾಳೆ. ಇಲ್ಲಿ ನನ್ನ ಮೈ ನೆಟ್ಟಗಿದೆ, ಅಂಗಾಲಿನ ಎರಡು ಬೊಬ್ಬೆ ಬಿಟ್ಟರೆ. ಅವು ಯಾಕೆ ಬಂದವೆಂದು ಮುಂದೆ ಬರೆಯುತ್ತೇನೆ. ಅಪ್ಪನ ಮೈಯೂ ನೆಟ್ಟಗಿದೆ, ದಿನಾ ಮೂರು ರೊಟ್ಟಿ ತಿನ್ನುತ್ತಾನೆ. ಆದರೆ ಮನೆಯೊಳಗೆ ನಿಲ್ಲುವುದಿಲ್ಲ ಅಣ್ಣಾ. ಒಂದು ಕಡೆ ಕೂಡುವುದೇ ಇಲ್ಲ.

ದೀಪಾವಳಿ ಪಾಡ್ಯಕ್ಕೆ ಬಂದು ಅಪ್ಪನನ್ನು ಕಾಯಮ್ಮಾಗಿ ಮುಂಬಯಿಗೆ ಕರೆದೊಯ್ಯುತ್ತೇನೆಂದು ಬರೆದಿದ್ದೀಯಲ್ಲ, ಆ ಪತ್ರ ಓದಿ ಹೇಳಿದೆ. ಕಂಬಳಿ ಹೆಗಲಿಗೆ ಹಾಕಿಕೊಂಡು ಊರ ಹೊರಗಿನ ಜಕಾತಿ ನಾಕೆಯವರೆಗೆ ಹೋಗಿ ಬಂದ. ನೀರು ಕುಡಿದ. ಮತ್ತೆ ಹೋಗಿ ಬಂದ. ಅಂದು ಸಂಜೆಯೊಳಗೆ ಐದು ಸಲ ಹಾಗೆ ಮಾಡಿದ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಅವ್ವ ಸತ್ತ ಮೇಲೆ ಕುರಿ ಮಾರಿಸಿ ನಮ್ಮಿಬ್ಬರನ್ನೂ ಈ ಮನೆಗೆ ತಂದಿಟ್ಟವನು ನೀನು, ಅಪ್ಪನ ಒಳ್ಳೆಯದಕ್ಕೇ ಮಾಡಿದೆ. ಹೋದ ವರ್ಷ ನಿನ್ನ ಚಾಳಿನ ಮೂರನೇ ಮಾಳಿಗೆಯಲ್ಲಿ ಎಂಟು ದಿನ ಇದ್ದವನು ಒಂಬತ್ತನೆಯ ದಿನ ಹೇಳದೆ ಕೇಳದೆ ಪರಳದಿಂದ ಠಾಣೆಯವರೆಗೆ ನಡೆದುಬಿಟ್ಟ. ನೀನು ಎರಡು ದಿನ ಅನ್ನನೀರು ಬಿಟ್ಟು ಹುಡುಕಿದೆ. ಅದನ್ನು ನಾನು ಮರೆತಿಲ್ಲ. ಆದರೆ ಸಿಕ್ಕ ಮೇಲೆ ಅವನು ಅಂದದ್ದನ್ನು ನೀನು ಮರೆತಿದ್ದೀಯ. "ಗಾಡಿಯಾಗ ಕುಂತ ಹೋದ್ರ ಊರ ಸಿಗತಾವ, ದಾರಿ ಸಿಗೂದಿಲ್ಲ."

ಈಗ ದಸರೆ ಮುಗಿದಿದೆ. ಬನ್ನಿ ಕೊಟ್ಟು ಮೂರನೆಯ ದಿನದಿಂದಲೇ ನಮ್ಮ ಬಾಗಿಲ ಮುಂದೆ ಕುರಿಹಿಂಡು ದಾಟತೊಡಗಿವೆ. ಯಾರ ಹಿಂಡು, ಎತ್ತ ಹೊರಟಿದೆ, ಯಾವ ಟಗರು ಕುಂಟುತ್ತಿದೆ, ಅಪ್ಪನಿಗೆ ಎಲ್ಲ ಬೇಕು. ಮೊನ್ನೆ ನಮ್ಮ ಕುರನೂರಿನ ಭೀಮಣ್ಣನ ಹಿಂಡಿನ ಹಿಂದೆ ಮಾತಾಡುತ್ತಾ ಹೋದವನು ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ನಾನು ಸಾಲೆ ಬಿಟ್ಟು ಹುಡುಕುತ್ತ ಹೋದರೆ ನಾಲ್ಕು ಮೈಲಿನಾಚೆ ಒಂದು ಬೇವಿನ ಕೆಳಗೆ ಇನ್ನೊಬ್ಬರ ಕುರಿಯ ಗೊರಸು ಕೆತ್ತುತ್ತ ಕೂತಿದ್ದ. ಎಷ್ಟು ಖುಷಿಯಾಗಿದ್ದ ಗೊತ್ತೇ! ನನ್ನನ್ನು ಕಂಡದ್ದೇ ಮುಖ ಸಣ್ಣದಾಯಿತು. ನನಗೆ ಅಲ್ಲೇ ಅಳು ಬಂತು.

ನನ್ನದೂ ಒಂದು ಮಾತಿದೆ, ನಗಬೇಡ. ಹದಿನೈದು ವರ್ಷದವರೆಗೆ ನೀನು ಕುರಿಯ ಹಿಂದೆ ನಡೆದೆ, ನಿನಗೆ ಸಾಕಾಯಿತು. ನನ್ನನ್ನು ಸಾಲೆ ಕಲಿಯಲೆಂದು ಅಕ್ಕಲಕೋಟೆಯಲ್ಲಿ ಅತ್ತೆಯ ಮನೆಯಲ್ಲಿ ಬಿಟ್ಟರು. ಪ್ರತಿ ದಸರೆಗೆ ನೀವೆಲ್ಲ ಹೊರಡುವಾಗ ಅವ್ವ ನನ್ನ ಹಣೆಗೆ ಭಂಡಾರ ಹಚ್ಚಿ, "ನೀ ಶಾಣ್ಯಾಕಿ, ಕುಂತ ಕಲೀ" ಅನ್ನುತ್ತಿದ್ದಳು. ಕೂತೆ, ಕಲಿತೆ. ಮುಲ್ಕಿ ಪರೀಕ್ಷೆ ಪಾಸಾದೆ, ಕನ್ನಡ ಸಾಲೆಯಲ್ಲಿ ಪಾಠ ಹೇಳುವ ಬಾಯಿಯಾದೆ. ನಾಲ್ಕು ವರ್ಷದಿಂದ ನದಿ, ಘಟ್ಟ, ಸಮುದ್ರ ಎಂದು ಹುಡುಗಿಯರಿಗೆ ಬಾಯಿಪಾಠ ಮಾಡಿಸುತ್ತೇನೆ. ಹೊಟಗಿಯಿಂದಾಚೆ ನಾನು ನೋಡಿದ ನೀರೆಂದರೆ ಬೋರಿ ಹೊಳೆ ಒಂದೇ. ಕುರುಡ ದಾರಿ ತೋರಿಸಿದ ಹಾಗಾಯಿತು ನನ್ನ ಭೂಗೋಳ. ನಡೆಯುವವನಿಗೆ ಕೂಡೆನ್ನುತ್ತಾರೆ, ಕೂತವಳನ್ನು ನಡಿ ಎನ್ನುವವರು ಯಾರೂ ಇಲ್ಲ.

ಆದ್ದರಿಂದ ದೀಪಾವಳಿ ಸೂಟಿಯಲ್ಲಿ, ನೀನು ಬರುವುದರೊಳಗೆ, ಬೆನ್ನಿಗೊಂದು ಗಂಟು ಕಟ್ಟಿಕೊಂಡು ಅಪ್ಪನೂ ನಾನೂ ಎಲ್ಲಿಗಾದರೂ ನಡೆದು ಬರೋಣವೆಂದು ಕೇಳಿದೆ. ಎಲ್ಲಿಗೆ ಎಂಬಲ್ಲಿ ಜಗಳ ಶುರುವಾಯಿತು. ವಿಜಾಪುರಕ್ಕೆ ಹೋಗಿ ಗುಮ್ಮಟ ನೋಡೋಣ ಎಂದೆ. "ಗುಮ್ಮಟ ಕುರಿ ತಿಂತಾವೇನು? ಅಲ್ಲಿ ನೀರ ಸವಳ" ಎಂದ. ಪಕ್ಕದ ಮನೆಯ ಕಲ್ಯಾಣಮ್ಮ ಪಂಢರಪುರ ಎಂದಳು. "ಮಂದಿ ಬಾಳ ಇದ್ದಲ್ಲಿ ಹುಲ್ಲ ಇರೂದಿಲ್ಲ" ಎಂದ. ಅತ್ತೆ ಮೈಲಾರಕ್ಕೆ ಹೋಗಿರೆಂದು ಹೇಳಿ ಕಳಿಸಿದಳು. ಅದು ಇವನು ಹತ್ತು ಸಲ ನಡೆದ ದಾರಿಯಂತೆ, ಅಲ್ಲಿನ ಗೌಡರೆಲ್ಲ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ತರುಬಲು ಕರೆಯುತ್ತಾರಂತೆ, ಕುರಿ ಇಲ್ಲದೆ ಬರಿಗೈಯಲ್ಲಿ ಯಾವ ಮುಖ ಹೊತ್ತು ಹೋಗಲಿ ಎಂದ. ಕುರಿ ಮಾರಿ ಮೂರು ವರ್ಷವಾಯಿತು ಅಣ್ಣಾ, ಇವನು ಇನ್ನೂ ಊರುಗಳನ್ನು ಕುರಿಯ ಕಣ್ಣಿನಿಂದಲೇ ನೋಡುತ್ತಾನೆ.

ಕೊನೆಗೆ ಹೆಡ್‌ಬಾಯಿಯವರನ್ನು ಕೇಳಿ ಸಾಲೆಯ ದೊಡ್ಡ ನಕಾಶೆ ಮನೆಗೆ ತಂದೆ. ನೆಲಕ್ಕೆ ಹಾಸಿ ನಾಲ್ಕು ಮೂಲೆಗೆ ಎರಡು ತಂಬಿಗೆ, ಒಂದು ಲಟ್ಟಣಿಗೆ, ಒಂದು ಅಪ್ಪನ ಕೆರವು ಇಟ್ಟೆ. ಮೊದಲು ಕುರನೂರು ಎಲ್ಲಿ ಎಂದು ಕೇಳಿದ. ಅದರಲ್ಲಿ ಇಲ್ಲ ಎಂದೆ. "ಕುರನೂರ ಇಲ್ಲದ ಕಾಗದ ಏನ ಕಾಗದ" ಎಂದು ಎದ್ದು ಹೋಗುವವನಿದ್ದ. ಅಷ್ಟರಲ್ಲಿ ಪಡುವಣಕ್ಕೆ, ಸಮುದ್ರದ ದಂಡೆಗುಂಟ ಇರುವ ಹಸಿರು ಪಟ್ಟಿ ಅವನ ಕಣ್ಣಿಗೆ ಬಿತ್ತು. ನಮ್ಮ ಸೋಲಾಪುರ ಹೊತ್ತಿದ ರೊಟ್ಟಿಯ ಬಣ್ಣ, ಅದೊಂದು ಪಟ್ಟಿ ಹಸಿರು. ಬೆರಳಿಟ್ಟು ಬಹಳ ಹೊತ್ತು ನೋಡಿದ. "ಸಕ್ಕೂ, ಇಲ್ಲಿ ವರ್ಷಾನಗಟ್ಟಲೆ ಹಿಂಗ ಹಸರ ಇರತದೇನು?" ಎಂದ.

ಅಣ್ಣಾ, ನೀನು ಮುಂಬಯಿಯ ರಾತ್ರಿಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಕಲಿತವನು, ನಿನಗೂ ಗೊತ್ತು. ನಕಾಶೆಯಲ್ಲಿ ಹಸಿರು ಎಂದರೆ ಹುಲ್ಲಲ್ಲ, ತಗ್ಗು ನೆಲ. ಇದನ್ನು ಮೂರನೆಯ ಇಯತ್ತೆಯ ಹುಡುಗಿ ತಪ್ಪು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುವವಳು ನಾನು. ಆದರೆ ಆ ಪಟ್ಟಿಯ ಆಚೆಗೆ ನೀಲಿ ಇತ್ತು. ನಾನು ಹೂಂ ಎಂದುಬಿಟ್ಟೆ.

ಅಂದಿನಿಂದ ಅಪ್ಪನನ್ನು ನೋಡಬೇಕು ನೀನು. ಬೆರಳಿನಿಂದ ಅಳೆದು "ಎಂಟ ಬಟ್ಟ, ಅಂದ್ರ ಎಂಟ ದಿನ" ಎಂದು ಕಲ್ಯಾಣಮ್ಮನಿಗೆ ಹೇಳಿದ್ದೇ ಹೇಳಿದ್ದು. ಇಪ್ಪತ್ತು ದಿನಕ್ಕೂ ಮೇಲೆ ಬೇಕೆಂದು ತಿಳಿಹೇಳಲು ನನಗೆ ಒಂದು ದಿನ ಹಿಡಿಯಿತು. ನಾನು ಸಂತೆಯಲ್ಲಿ ಹಳೆಯ ಮಿಲಿಟರಿ ಚೀಲವೊಂದನ್ನು ತಂದೆ, ಎರಡು ಪಟ್ಟಿ ಹೆಗಲಿಗೆ ಹಾಕಿ ಬೆನ್ನಿಗೆ ಹೊರುವಂಥದ್ದು. ಅದನ್ನು ಕಂಡು "ಬೆನ್ನ ಮ್ಯಾಲ ಹೇರೂದು ಕತ್ತಿಗೆ, ಮನಷಾಗಲ್ಲ" ಎಂದು ನನ್ನನ್ನು ಕತ್ತೆ ಮಾಡಿ ನಕ್ಕ. ಅವನದು ಅದೇ ಕಂಬಳಿ, ಅದೇ ಕೋಲು, ಕೋಲಿನ ತುದಿಗೆ ಗಂಟು. ನಾನು ಚೀಲದಲ್ಲಿ ನಾಲ್ಕು ಸೇರು ಜೋಳ ತುಂಬಿ ದಿನಾ ಮುಂಜಾನೆ ನಾಕೆಯವರೆಗೆ ನಡೆದು ರೂಢಿ ಮಾಡಿಕೊಂಡೆ. ನಳದ ಹತ್ತಿರದ ಹೆಂಗಸರು, "ಬಾಯಿ ಬೀಸಾಕ ಹೊಂಟಾರೇನು?" ಎಂದು ಛೇಡಿಸಿದರು. ಆ ಬೊಬ್ಬೆ ಅದರಿಂದಲೇ ಬಂದವು. ಕಟಕ ರೊಟ್ಟಿ ಒಣಗಿಸಿದ್ದೇನೆ, ಶೇಂಗಾ ಚಟ್ನಿ ಕುಟ್ಟಿದ್ದೇನೆ.

ಆದರೆ ಚಟ್ನಿ ಕುಟ್ಟುವಾಗ ಅಪ್ಪ ಬಂದು ಎದುರಿಗೆ ಕೂತ. "ಅಷ್ಟ ಹುಲ್ಲ ಇದ್ದರ ಹತ್ತ ಕುರಿ ಸಾಕಬಹುದು. ಹತ್ತಿದ್ದರ ಸಾಕಲ್ಲ? ಅಣ್ಣಾರಾಯ ಹತ್ತಕ್ಕ ಏನೂ ಅನ್ನಾಕಿಲ್ಲ" ಎಂದ. ನಿನ್ನ ಹೆಸರು ಹೇಳುವಾಗ ಅವನ ದನಿಯಲ್ಲಿದ್ದ ಅಂಜಿಕೆ ಕೇಳಿ ನನ್ನ ಕೈ ನಿಂತುಹೋಯಿತು. ಸುಳ್ಳು ಹೇಳಿ ತಂದೆಯನ್ನು ಇನ್ನೂರು ಮೈಲು ನಡೆಸುವವಳು ಮಗಳೇ? ಅಲ್ಲೇ ಹೇಳಿಬಿಟ್ಟೆ. ಅಪ್ಪಾ, ಅದು ಹುಲ್ಲಲ್ಲ, ತಗ್ಗಿಗೆ ಹಾಗೆ ಬಣ್ಣ ಬಳಿದಿರುತ್ತಾರೆ, ನನಗೆ ಸಮುದ್ರ ನೋಡುವ ಆಸೆ ಇತ್ತು, ತಪ್ಪಾಯಿತು ಎಂದೆ. ಅಪ್ಪ ನನ್ನನ್ನು ದಡ್ಡಿಯನ್ನು ನೋಡಿದ ಹಾಗೆ ನೋಡಿದ. "ತಗ್ಗ ಅಂದ್ರ ನೀರ ಅಲ್ಲೇ ಬಂದ ನಿಂದರತದ. ನೀರ ನಿಂತಲ್ಲಿ ಹುಲ್ಲ. ಬರದಾಂವ ಶಾಣ್ಯಾ ಇದ್ದಾನ. ನಿಮ್ಮ ಸಾಲ್ಯಾಗ ಇಷ್ಟೂ ಕಲಸೂದಿಲ್ಲೇನು?" ಎಂದು ಬಯ್ದ. ತೇವಕ್ಕೆ ಗೊರಸು ಕೊಳೆಯುವುದಿಲ್ಲವೇ ಎಂದೆ. "ಅದನ್ನ ಹೋಗೇ ನೋಡಬೇಕು" ಎಂದ.

ಆದ್ದರಿಂದ ಅಣ್ಣಾ, ನಿನ್ನ ಒಪ್ಪಿಗೆ ಕೇಳಲು ಈ ಪತ್ರ. ಮಂಗಳವೇಢೆ, ಸಾಂಗೋಲೆ, ಮಿರಜ, ಕೊಲ್ಹಾಪುರ, ಆಮೇಲೆ ಘಟ್ಟ ಇಳಿದು ರತ್ನಾಗಿರಿ. ಹೆಡ್‌ಬಾಯಿಯವರು ಹೆಚ್ಚಿನ ರಜೆ ಕೊಟ್ಟಿದ್ದಾರೆ. ನೀನು ಸಿಟ್ಟಾಗುತ್ತೀ ಎಂದು ಗೊತ್ತು. ದಾರಿಯಲ್ಲಿ ಏನಾದರೂ ಆದರೆ ಎಂಬ ಭಯ ನನಗೂ ಇದೆ, ಅವನಿಗೆ ಅರವತ್ತಾರು. ಆದರೆ ಮೂರನೇ ಮಾಳಿಗೆಯಲ್ಲಿ ಏನೂ ಆಗದೆಯೇ ಅವನು ಸವೆದುಹೋಗುತ್ತಾನೆ, ಅದರ ಭಯ ಇದಕ್ಕಿಂತ ದೊಡ್ಡದು.

ವೈನಿಗೆ ನನ್ನ ನಮಸ್ಕಾರ, ಕೂಸಿನ ಎರಡೂ ಗಲ್ಲಕ್ಕೆ ಮುತ್ತು. ಬೀರೋಬಾ ನಿನ್ನ ಬೆನ್ನಿಗಿರಲಿ, ಕೆಮ್ಮು ಬೇಗ ಹೋಗಲಿ.

ನಿನ್ನ ತಂಗಿ,
ಸಕ್ಕುಬಾಯಿ ಕಾಮಣ್ಣ

ತಾ.ಕ.: ಮಂಗಳವೇಢೆ, ಮಂಗಳವಾರ. ಈ ಪತ್ರ ಸೋಲಾಪುರದಲ್ಲಿ ಡಬ್ಬಿಗೆ ಹಾಕಲಿಲ್ಲ, ಹಾಕಿದ್ದರೆ ನೀನು ಹೋಗಬೇಡಿರೆಂದು ತಾರು ಕಳಿಸುತ್ತಿದ್ದೆ. ಇಲ್ಲಿಯ ಪೋಸ್ಟಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಪಾಡ್ಯಕ್ಕೆ ಸೋಲಾಪುರದ ಗಾಡಿ ಹತ್ತಬೇಡ, ಮನೆಗೆ ಕೀಲಿ ಹಾಕಿದೆ. ಶನಿವಾರ ಮುಂಜಾನೆ ಹೊರಡುವಾಗ ಅಪ್ಪ ಕಲ್ಯಾಣಮ್ಮನಿಗೆ ಕೀಲಿಕೈ ಕೊಟ್ಟು "ಹೋಗತೀನಿ" ಅಂದ. ಆಕೆ ಗಾಬರಿಯಾಗಿ, "ಹಂಗ ಅನಬಾರದ್ರೀ, ಬರತೀನಿ ಅನ್ರಿ" ಎಂದಳು. ಅಪ್ಪ ಬಗ್ಗಿ ಕೆರವಿನ ಬಾರು ಬಿಗಿದ. ಆಕೆ ಮತ್ತೊಮ್ಮೆ ಅಂದಳು. ಇವನು ಕೋಲು ತೆಗೆದುಕೊಂಡು ರಸ್ತೆಗಿಳಿದ. ನಾನು "ಬರತೀನಿ" ಅಂದೆ ಅಣ್ಣಾ, ಗಟ್ಟಿಯಾಗಿ ಅಂದೆ. ನನ್ನೊಬ್ಬಳದೇ ಅಂದೆ, ಅವನ ಪಾಲಿಂದು ಅನ್ನಲು ನನಗೆ ಬಾಯಿ ಬರಲಿಲ್ಲ. ಕಾರ್ತೀಕ ಹುಣ್ಣಿವೆಯೊಳಗೆ ಬೋಟಿನಲ್ಲಿ ರತ್ನಾಗಿರಿಗೆ ಬಾ. ಕರೆದೊಯ್ಯಲು ಅಲ್ಲ, ನೋಡಲು ಬಾ. ಅಪ್ಪ ಆಗಲೇ ಮುಂದೆ ಹೋಗ್ಯಾನ.