ಮನಿ ಇಲ್ಲದೋರು ಕೈ ಎತ್ರಿ

ಜಾಹೀದ್, ನಿನ್ನ ನಂಬರ್ ಬಂದ್ ಆಗೇತಿ ಅಂತ ಗೊತ್ತಿದ್ದೂ ಫೋನಿನ್ಯಾಗ ಮಾತಾಡಿ ರೆಕಾರ್ಡ್ ಮಾಡಾಕತ್ತೀನಿ. ಇದನ್ನ ಕಳಸಂಗಿಲ್ಲ.

ನಾವಿಬ್ರೂ ಬಾಜುಬಾಜು ಮಲಗ್ತಿದ್ದ, ಮನಿ ಇಲ್ಲದೋರ ರಾತ್ರಿ ವಸತಿ ಹಾಲ್‌ಗೆ ಇವತ್ತು ನಗರಸಭಾದ ಸಾಹೇಬ್ರು ಬಂದಿದ್ರು. ಈ ಹಾಲ್‌ನಾಗ ಶಟಲ್ ಕೋರ್ಟ್ ಮಾಡ್ರಿ ಅಂತ ಊರ ಮಂದಿ ಕೇಳ್ಯಾರಂತ. "ಮನಿ ಇಲ್ಲದೋರು ಎಷ್ಟು ಮಂದಿ ಅದೀರಿ, ಕೈ ಎತ್ರಿ" ಅಂದ್ರು.

ಒಬ್ರೂ ಎತ್ತಲಿಲ್ಲ. ನಾ ಬಾಜು ಕುಂತಿದ್ದ ದಸ್ತಗೀರ್‌ಸಾಬ್ ಕಾಕಾಗ, "ಎತ್ತು ಕಾಕಾ" ಅಂದೆ.

"ಯಾಕಲೇ? ಬಳಗಾನೂರಾಗ ಮನಿ ಐತಿ ನಂದು. ಮ್ಯಾಲಿನ ಮಣ್ಣಿನ ಮಾಳಗಿ ಬಿದ್ದೈತಿ, ಅಷ್ಟ. ಮನಿ ಇಲ್ಲ ಅಂದ್ರ ನನಗ ಯಾರು ಹೆಣ್ಣು ಕೊಡ್ತಾರ?" ಅಂದ, ಬಿಳಿ ಗಡ್ಡ ಸವರಿಕೋತ.

ಎಲ್ರೂ ನಕ್ರು. ಸಾಹೇಬ್ರೂ ನಕ್ಕು, "ಹಂಗಾರ ಯಾರೂ ಇಲ್ಲ" ಅಂತ ಬರಕೊಂಡು ಹೋದ್ರು. ಮುಂದಿನ ತಿಂಗಳು ಇದನ್ನ ಮುಚ್ತಾರಂತ.

ಸಂತೆಕಲ್ಲೂರಾಗ ನಮ್ಮಣ್ಣನ ಮನಿ ಐತಿ ಅಂತ ನಾನೂ ಸುಮ್ಮನ ಕುಂತೆ. ನೀ ಇದ್ದಿದ್ರ, "ನನಗಿಲ್ರೀ, ಇದ ನನ್ನ ಮನಿ" ಅಂತ ನಕ್ಕೋತ ಕೈ ಎತ್ತತಿದ್ದಿ. ಒಂದು ಕೈ ಸಾಕಾಗ್ತಿತ್ತೇನೋ.

ನನಗ ಕೆಲಸ ಮಾಡೋ ಮಿಲ್ಲಿನ್ಯಾಗ ಮಲಗಾಕ ಜಾಗ ಸಿಗತೈತಿ. ಆದ್ರ ನೀ ತಿರುಗಿ ಬಂದ್ರ, ಮುಚ್ಚಿದ್ದು ಗೊತ್ತಿಲ್ದ ಇಲ್ಲಿಗೇ ಬರ್ತಿ.

ನಿನ್ನ ಚಾಪಿ ಝಾಡಿಸಿ ನನ್ನ ಬಾಜು ಹಾಸೀನಿ. ಶಟಲ್ ಆಡೋರು ಬರೋತನಕ ಅಲ್ಲೇ ಇರ್ತೈತಿ.