ಹಿಮ ಬಾರದ ವರ್ಷದ ಬಿಳಿ ಕೋಳಿ

ಬೆಟ್ಟದ ಮೇಲಿನ ಕಾವಲು ಮನೆ
ಡಿಸೆಂಬರ್ ೧೩, ಶನಿವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯೇ? ಕೆಮ್ಮು ಬಿಟ್ಟಿತಾ? ಆ ಪಕ್ಷಿಕೇಂದ್ರದಲ್ಲಿ ಮರಿಗಳಿಗೆ ಹೊತ್ತುಹೊತ್ತಿಗೆ ತಿನ್ನಿಸುವವಳು ನಿನ್ನ ಹೊಟ್ಟೆ ಮರೆಯುತ್ತೀಯೆಂದು ನನಗೆ ಗೊತ್ತು. ನಾವು ಗೂಡಿನಿಂದ ಎತ್ತಿ ಕಳಿಸಿದ ಮೊಟ್ಟೆಗಳಿಂದ ಬಂದ ಆರೂ ಮರಿಗಳು ಗಟ್ಟಿಮುಟ್ಟಾಗಿವೆ ಅಂದೆಯಲ್ಲ, ನಿಮ್ಮಪ್ಪ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ, ಮೊಮ್ಮಕ್ಕಳು ಹುಟ್ಟಿದ ಹಾಗೆ. ಅವರ ಮಂಡಿನೋವು ಹಾಗೇ ಇದೆ. ಬಾಯಿ ಮಾತ್ರ ಚೆನ್ನಾಗಿದೆ.

ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಗೊಗ್ಗರ ಹೋದ. ಅವನ ಒಡಕು ಕೂಗು ಕೇಳಿ ನೀನೇ ಇಟ್ಟ ಹೆಸರು. ಈ ಬೆಟ್ಟದಲ್ಲಿ ಉಳಿದಿದ್ದ ಕೊನೆಯ ಹಿಮಕೋಳಿ, ನಿನ್ನ ಆರು ಮರಿಗಳ ಅಪ್ಪ.

ಈ ವರ್ಷ ಹಿಮ ಬೀಳಲೇ ಇಲ್ಲ ಕಣೇ. ಮೋಡ ಬಂತು, ಬರೀ ಮಳೆ ಸುರಿಸಿ ಹೋಯಿತು. ಗೊಗ್ಗರನಿಗೇನು ಗೊತ್ತು ಪಾಪ, ಕಾಲ ಬಂತೆಂದು ಕಂದು ಗರಿ ಉದುರಿಸಿ, ಅಡಿಯಿಂದ ಮುಡಿಯವರೆಗೂ ಬೆಳ್ಳಗಾಗಿ ನಿಂತ. ಕರಿ ಬಂಡೆಯ ಮೇಲೆ ಕುರುಡನಿಗೂ ಕಾಣುವ ಹಾಗೆ. ನಾವು ಹತ್ತಿರ ಹೋದರೂ ಅಲ್ಲಾಡುತ್ತಿರಲಿಲ್ಲ, ತಾನು ಯಾರ ಕಣ್ಣಿಗೂ ಬೀಳುತ್ತಿಲ್ಲ ಅಂದುಕೊಂಡು. 'ನನ್ನ ಹಳೇ ಸ್ವೆಟರ್ ಕತ್ತರಿಸಿ ಅವನಿಗೊಂದು ಅಂಗಿ ಹೊಲಿದುಬಿಡು' ಅಂದರು ನಿಮ್ಮಪ್ಪ. ನಕ್ಕೆವು.

ಮೊದಲೆಲ್ಲ ನರಿಗಳು ಇಷ್ಟು ಎತ್ತರಕ್ಕೆ ಬರುತ್ತಿರಲಿಲ್ಲ. ತುದಿಯಲ್ಲಿ ಆ ಹೊಸ ಹೋಟೆಲ್ ಆದ ಮೇಲೆ ಎಂಜಲಿನ ವಾಸನೆ ಹಿಡಿದು ರಸ್ತೆಗುಂಟ ಹತ್ತಿ ಬಂದವು. ನಾನು ದಿನವಿಡೀ ದೊಣ್ಣೆ ಹಿಡಿದು ಬಂಡೆ ಕಾದೆ. ಮೊನ್ನೆ ಮಧ್ಯಾಹ್ನ ನನ್ನ ಕಣ್ಣೆದುರಿಗೇ ಸಂದಿಯಿಂದ ನರಿ ನುಗ್ಗಿತು. ಕಿರುಚಿದೆ, ಕಲ್ಲು ಬೀಸಿದೆ, ಓಡುವಾಗ ಮುಗ್ಗರಿಸಿ ಬಿದ್ದೆ. ಗೊಗ್ಗರ ಹಾರಲೇ ಇಲ್ಲ ಪುಟ್ಟೀ. ಹಿಮದಲ್ಲಿ ಅಡಗಿದ್ದೇನೆ ಅನ್ನುವ ನಂಬಿಕೆಯಲ್ಲೇ ಕೂತಿದ್ದ. ನಾನು ಎದ್ದು ಹೋಗುವಷ್ಟರಲ್ಲಿ ಬರೀ ಗರಿ. ಆ ಕಡೆ ಬಂದ ಜೀಪ್ ಡ್ರೈವರ್ 'ಒಂದು ಕೋಳಿಗೆ ಇಷ್ಟೊಂದು ಅಳ್ತಾರಾ ಅಕ್ಕಾ?' ಅಂದ. ಕೆಟ್ಟವನೇನಲ್ಲ, ನನ್ನನ್ನು ಎಬ್ಬಿಸಿ ಕೂರಿಸಿ ನೀರು ಕೊಟ್ಟ.

ಈಗ ಬೆಳಿಗ್ಗೆ ಎದ್ದರೆ ಬೆಟ್ಟ ಭಣಭಣ ಅನ್ನುತ್ತದೆ. ಟೀಗೆ ಇಟ್ಟ ಸ್ಟವ್ ಆರಿಸಿ ಕಿವಿಗೊಟ್ಟು ನಿಲ್ಲುತ್ತೇನೆ. ನಿಮ್ಮಪ್ಪ ಬಂದು ಮತ್ತೆ ಹಚ್ಚುತ್ತಾರೆ.

ಅಳಬೇಡ. ಅಳಲೇಬೇಕೆಂದರೆ ಊಟ ಮಾಡಿ ಅಳು. ನೀನೂ ನಿನ್ನ ಮರಿಗಳೂ ಎಲ್ಲಿದ್ದರೂ ತಣ್ಣಗಿರಿ.

ನಿನ್ನ
ಅಮ್ಮ

ಮತ್ತೆ: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬೇಸಿಗೆಗೆ ಮರಿಗಳನ್ನು ಇಲ್ಲಿ ಬಿಡಲು ತರುತ್ತೇನೆ ಅಂದಿದ್ದೆಯಲ್ಲ, ತರಬೇಡ. ಇಲ್ಲಿ ಚಳಿಯಿಲ್ಲ, ಚಳಿ ಹುಡುಕಿ ಇನ್ನೂ ಮೇಲಕ್ಕೆ ಹೋಗೋಣವೆಂದರೆ ಬೆಟ್ಟವೇ ಮುಗಿದಿದೆ. ನಿಮ್ಮ ಕೇಂದ್ರದ ಡಾಕ್ಟರಮ್ಮ ಹೇಳಿದ ಆ ದೂರದ ಎತ್ತರದ ಬೆಟ್ಟಕ್ಕೇ ಕರೆದುಕೊಂಡು ಹೋಗು. ವರ್ಷಗಟ್ಟಲೆ ನೀನೂ ಅಲ್ಲೇ ಇರಬೇಕು ಅಂದರೆ ಇರು. ಅಪ್ಪನಿಗೆ ಇನ್ನೂ ಹೇಳಿಲ್ಲ. ನೀನು ಬರುತ್ತೀಯೆಂದು ನಿನ್ನ ಕೋಣೆಗೆ ಬಣ್ಣ ಹೊಡೆಯುತ್ತಿದ್ದಾರೆ.