ಡಬ್ಬಿಯೊಳಗಿನ ಚಿಪ್

ಲಿಂಗಸುಗೂರು
೯ ನವೆಂಬರ್ ೨೦೨೫

ಚಿರಂಜೀವಿ ಅಂಜಲಿಗೆ, ಸಿಟ್ಟಿನಲ್ಲಿಯೂ ಕಡಿಮೆಯಾಗದ ಆಶೀರ್ವಾದಗಳು.

ನಿನ್ನ ತಮ್ಮ ದುರುಗೇಶ ನಿನ್ನನ್ನು ಕಂಡು ನಿಮ್ಮೂರು ಪಾಮನಕಲ್ಲೂರಿಗೆ ಹೋಗುವ ದಾರಿಯಲ್ಲಿ ಮನೆಗೆ ಬಂದು, ದೀಪಾವಳಿಗೆ ನಾವು ಕಳಿಸಿದ್ದ ಶೇಂಗಾ ಚಟ್ನಿಯ ಡಬ್ಬಿಯನ್ನು ಮರಳಿಸಿದ. ಮುಚ್ಚಳ ತೆಗೆದರೆ, ಹತ್ತಿಯ ಮೇಲೆ ಉಗುರಿಗಿಂತ ಚಿಕ್ಕದಾದ ಸಿಲಿಕಾನ್ ಚಿಪ್. "ಡಬ್ಬಿ ಖಾಲಿ ಕಳಸಬಾರದಂತ ಅಕಿಗೆ ನೆನಪೈತಿ. ಆದ್ರ ಒಂದು ಹಿಡಿ ಸಕ್ಕರಿ ಹಾಕಿದ್ರ ಆಗ್ತಿರಲಿಲ್ಲೇನ್ರಿ?" ಎಂದು ನನ್ನಾಕೆ ಸಂಗಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ದುರುಗೇಶ ಆಗಲೇ ಹೇಳಿದ್ದ: "ಅಕ್ಕ ಸಂಶೋಧನಾ ಬಿಡ್ತಾಳಂತ್ರಿ ಸರ್. ಇದು ಸತ್ತ ಚಿಪ್ಪಂತ. ಮುಂದಿನ ವಾರ ಸಿಂಧನೂರು ಕಾಲೇಜಿನಾಗ ಪಾಠ ಹೇಳೋ ಕೆಲಸದ ಸಂದರ್ಶನಕ್ಕ ಬರಾಕತ್ಯಾಳ. ತನ್ನ ಕೈಗುಣಾನ ಸರಿ ಇಲ್ಲಂತ."

ಕೈಗುಣ! ಒಂದೇ ಒಂದು ಎಲೆಕ್ಟ್ರಾನನ್ನು ಸಿಲಿಕಾನಿನೊಳಗೆ ಹಿಡಿದು ನಿಲ್ಲಿಸಿ, ಅದರಿಂದ ಕ್ವಾಂಟಂ ಲೆಕ್ಕ ಮಾಡಿಸಲು ಹೊರಟವಳು ಆಡುವ ಮಾತೇ ಇದು? ನಿನ್ನ ಅವ್ವ ಗ್ಯಾನಮ್ಮ ಹಾಗೆಂದರೆ ಒಪ್ಪುತ್ತೇನೆ. ಮೊದಲ ಹಿಡಿ ತೊಗರಿಯನ್ನು ಕೈಗುಣವಿದ್ದವರಿಂದಲೇ ಬಿತ್ತಿಸುವ ಮನೆ ನಿಮ್ಮದು. ಆದರೆ ನೀನು ಜೋಡಿಸಿದ ಚಿಪ್‌ಗಳೆಲ್ಲ ಅವನ್ನು ಪರೀಕ್ಷಿಸುವ ಯಂತ್ರದ ಘೋರ ಶೀತದಲ್ಲಿ ಸಾಯುತ್ತಿದ್ದರೆ, ತಪ್ಪು ತಂತಿಯಲ್ಲಿರಬೇಕು, ಪದರದಲ್ಲಿರಬೇಕು, ಇಲ್ಲವೇ ಯಾವುದೋ ಕಾಣದ ಕಿಡಿಯಲ್ಲಿರಬೇಕು. ಯಾವುದೆಂದು ನಾನು ಹೇಳಲಾರೆ; ಅಂಥ ಯಂತ್ರವನ್ನು ಕಣ್ಣಿಂದ ಕಂಡವನೂ ಅಲ್ಲ. ಹೇಳಬಲ್ಲವಳು ಬಿಟ್ಟು ಬರುತ್ತೇನೆನ್ನುತ್ತಿದ್ದಾಳೆ, ಅದೇ ನನ್ನ ಸಂಕಟ.

ಸಿಟ್ಟು ನಿನ್ನ ಮೇಲಷ್ಟೇ ಅಲ್ಲ. "ಅಂಜಲಿ ಮುಟ್ಟಿದ್ದು ಕೆಡುತ್ತದೆ" ಎಂದು ನಿಮ್ಮ ಪ್ರಯೋಗಾಲಯದಲ್ಲಿ ಚೇಷ್ಟೆ ಮಾಡುತ್ತಾರಂತೆ. ಅಷ್ಟು ಓದಿದವರು ಪುರಾವೆಯಿಲ್ಲದೆ ಒಂದು ಮಾತಾಡಿದರು; ಅಷ್ಟು ಓದಿದ ನೀನು ಪುರಾವೆ ಕೇಳದೆ ನಂಬಿದೆ. ಪಾಠ ಹೇಳುವುದು ಸಣ್ಣ ಕೆಲಸವಲ್ಲ. ಬದುಕೆಲ್ಲ ಅದನ್ನೇ ಮಾಡಿದವನು ನಾನು. ಆದರೆ ಅದು ಓಡಿ ಬಂದವರು ಅಡಗುವ ಜಾಗವೂ ಅಲ್ಲ.

ದುರುಗೇಶ ತಿರುಗಿ ಬರುವಾಗ ಅದೇ ಡಬ್ಬಿಯಲ್ಲಿ ಚಿಪ್ಪನ್ನು ಕಳಿಸುತ್ತೇನೆ. ಸೂಕ್ಷ್ಮದರ್ಶಕದ ಕೆಳಗಿಟ್ಟು ಅದರ ಗಾಯ ಹುಡುಕು. ಜೊತೆಗೆ ಸಂಗಮ್ಮ ಗುರೆಳ್ಳು ಚಟ್ನಿಯ ಪೊಟ್ಟಣವಿಡುತ್ತಾಳೆ, ಬೆರೆಸಬೇಡ.

ನಿನ್ನ ಕೈಯನ್ನು ಇಂದಿಗೂ ನಂಬುವ ನಿನ್ನ ಹಳೆಯ ಮಾಸ್ತರ
ಕರಿಬಸಯ್ಯ

ತಾ.ಕ.: ಸಿಂಧನೂರಿನ ಸಂದರ್ಶನದಲ್ಲಿ ಪ್ರಶ್ನೆ ಕೇಳುವವರಲ್ಲಿ ನಾನೂ ಒಬ್ಬ; ಒಪ್ಪಿಕೊಂಡಾಗ ನೀನು ಬರುವುದು ತಿಳಿದಿರಲಿಲ್ಲ. ನನ್ನದು ಒಂದೇ ಪ್ರಶ್ನೆ: ಈ ಚಿಪ್ ಯಾವುದರಿಂದ ಸತ್ತಿತು? ಉತ್ತರ ಗೊತ್ತಿದ್ದರೆ ನಿನ್ನ ಜಾಗ ಪ್ರಯೋಗಾಲಯ. ಗೊತ್ತಿಲ್ಲದಿದ್ದರೂ ಅದೇ.